ಓದುಗರು ಕೇಳಿದ್ದು: ಟ್ಯಾಂಕರ್ ತರಬೇತಿ ಚಾಲಕನಿಗೆ ಮಾತ್ರ ಸಾಕಾ?

ಅಪಾಯಕಾರಿ ಸರಕು ಸಾಗಿಸುವವರ ಸುರಕ್ಷತೆ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಬಂದ ಪತ್ರಗಳಲ್ಲಿ ಬಹುಪಾಲು ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯವು. ಇದರಲ್ಲಿ ಆಶ್ಚರ್ಯವೇನಿಲ್ಲ. ಸಕ್ಕರೆ ಕಾರ್ಖಾನೆ ಬಂದಲ್ಲಿ ಡಿಸ್ಟಿಲರಿ ಬರುತ್ತದೆ, ಪೆಟ್ರೋಲಿಗೆ 20% ಎಥೆನಾಲ್ ಬೆರೆಸುವ ಕಾಲ ಬಂದ ಮೇಲೆ ಡಿಸ್ಟಿಲರಿ ಗೇಟಿನಲ್ಲಿ ಟ್ಯಾಂಕರ್ ಸಾಲು ತಪ್ಪುವುದಿಲ್ಲ. ಅದರ ಜೊತೆಗೆ ಆಸಿಡ್, ಕಾಸ್ಟಿಕ್, ಗಂಧಕ, ಗ್ಯಾಸ್, ಕೀಟನಾಶಕ ಎಲ್ಲವೂ ನಮ್ಮ ರಸ್ತೆಯ ಮೇಲೇ ಓಡಾಡುತ್ತವೆ. ಹೆಸರು ಹಾಕಬೇಡಿ ಎಂದು ಸುಮಾರು ಜನ ಬರೆದಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ನಾನು ಎಥೆನಾಲ್ ಟ್ಯಾಂಕರ್ ಓಡಿಸುತ್ತೇನೆ. ಲೈಸೆನ್ಸಿನಲ್ಲಿ ಹಜಾರ್ಡಸ್ ಎಂದು ನಮೂದು ಮಾಡಿಸಲು ಮೂರು ದಿನದ ತರಬೇತಿ ಸರ್ಟಿಫಿಕೇಟ್ ಬೇಕು ಎಂದರು, ಹೋದೆ. ಮೊದಲ ದಿನ ಫೋಟೊ ತೆಗೆದು ಸಹಿ ಹಾಕಿಸಿಕೊಂಡರು. ಉಳಿದ ಎರಡು ದಿನ ಬರೋದೇ ಬೇಡ ಎಂದರು. ಸರ್ಟಿಫಿಕೇಟ್ ಕೈಗೆ ಬಂದಿದೆ. ಮುಂದೆ ಏನಾದರೂ ತೊಂದರೆ ಆಗುತ್ತಾ?
— ಟ್ಯಾಂಕರ್ ಚಾಲಕ, ಮುಧೋಳ

ಉತ್ತರ: ತಮ್ಮಾ, ರಸ್ತೆಯಲ್ಲಿ ಕೈ ಅಡ್ಡ ಹಾಕಿದವರಿಗೆ ತೋರಿಸಲು ನಿಮ್ಮ ಹತ್ತಿರ ಕಾಗದ ಇದೆ, ಅಷ್ಟೇ. ಎಥೆನಾಲ್‌ಗೆ ಅದನ್ನು ತೋರಿಸಿ ಏನು ಮಾಡ್ತೀರಿ?

1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 9ನೇ ನಿಯಮ ಅಂತ ಇದೆ. ಅಪಾಯಕಾರಿ ಸರಕಿನ ಗಾಡಿ ಓಡಿಸುವವನು ಮೂರು ದಿನದ ತರಬೇತಿ ಪಡೆದಿರಬೇಕು, ಲೈಸೆನ್ಸಿನಲ್ಲಿ ಅದರ ನಮೂದು ಇರಬೇಕು ಎಂದು ಅದೇ ಹೇಳುವುದು. ಮೊದಲು ಇಂಥ ಲೈಸೆನ್ಸ್ ಒಂದೇ ವರ್ಷ ನಡೆಯುತ್ತಿತ್ತು. 2019ರ ತಿದ್ದುಪಡಿಯಲ್ಲಿ ಮೂರು ವರ್ಷ ಮಾಡಿದರು. ತರಬೇತಿಯಲ್ಲಿ ಏನು ಕಲಿಸಬೇಕು ಅನ್ನುವುದನ್ನೂ ನಿಯಮದಲ್ಲೇ ಬರೆದಿದ್ದಾರೆ: ಎದುರಿನವನ ತಪ್ಪನ್ನೂ ಮೊದಲೇ ಊಹಿಸಿ ಗಾಡಿ ಓಡಿಸುವುದು, ಗಾಡಿ ಮೇಲಿನ ಬೋರ್ಡ್ ಓದುವುದು, ಸರಕಿನ ಗುಣ, ಒತ್ತಡ ಮತ್ತು ಉಷ್ಣತೆಯ ಲೆಕ್ಕ, ಏನಾದರೂ ಆದಾಗ ಮಾಡಬೇಕಾದ ಕೆಲಸ. ಪಠ್ಯ ಚೆನ್ನಾಗಿಯೇ ಇದೆ. ಪಾಠ ಮಾಡುವವರೇ ಇಲ್ಲದಿದ್ದರೆ ಪಠ್ಯ ಏನು ಮಾಡೀತು!

ನಿಮಗೆ ತಪ್ಪಿಹೋದ ಎರಡು ದಿನದಲ್ಲಿ ಏನಿರಬೇಕಿತ್ತು ಅಂತ ಎಥೆನಾಲ್ ಮಟ್ಟಿಗೆ ಹೇಳುತ್ತೇನೆ. ಸುಮಾರು 13 ಡಿಗ್ರಿ ಸೆಲ್ಸಿಯಸ್ ಬಿಸಿ ಇದ್ದರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುವಷ್ಟು ಆವಿ ಅದರಿಂದ ಬರುತ್ತದೆ. ಮುಧೋಳದಲ್ಲಿ ವರ್ಷದ ಎಷ್ಟು ಹೊತ್ತು ಅದಕ್ಕಿಂತ ತಂಪಿರುತ್ತದೆ ನೀವೇ ಹೇಳಿ. ಆ ಆವಿ ಗಾಳಿಗಿಂತ ಭಾರ, ಮೇಲೆ ಹಾರಿಹೋಗುವುದಿಲ್ಲ, ನೆಲ ಹಿಡಿದು ತಗ್ಗಿನ ಕಡೆ ಹರಿಯುತ್ತದೆ, ದೂರದಲ್ಲಿ ಯಾರೋ ಹಚ್ಚಿದ ಬೀಡಿಯ ತನಕವೂ ಹೋಗಬಹುದು. ಶುದ್ಧ ಎಥೆನಾಲ್ ಉರಿದರೆ ಜ್ವಾಲೆ ತೆಳು ನೀಲಿ, ಮಟಮಟ ಮಧ್ಯಾಹ್ನದ ಬಿಸಿಲಲ್ಲಿ ಕಾಣುವುದೇ ಕಷ್ಟ. ಹೊಗೆಯೂ ಹೆಚ್ಚು ಇರುವುದಿಲ್ಲ. ಬೆಂಕಿ ಇಲ್ಲ ಅಂದುಕೊಂಡು ಹತ್ತಿರ ಹೋದವನ ಕಾಲು ಸುಟ್ಟಾಗಲೇ ಗೊತ್ತಾಗುವುದು.

ಇನ್ನೊಂದು ಮಾತು. ಪೆಟ್ರೋಲ್ ಬೆಂಕಿಗೆ ಹಾಕುವ ಸಾಮಾನ್ಯ ಫೋಮ್ ಇದರ ಮೇಲೆ ನಿಲ್ಲುವುದಿಲ್ಲ, ಎಥೆನಾಲ್ ಆ ನೊರೆಯನ್ನೇ ಒಡೆದುಹಾಕುತ್ತದೆ. ಆಲ್ಕೋಹಾಲ್ ತಡೆಯುವ ಬೇರೆ ಫೋಮೇ ಬೇಕು. ಅದಕ್ಕೇ ಫೋನ್ ಮಾಡುವಾಗ "ಟ್ಯಾಂಕರಿಗೆ ಬೆಂಕಿ ಬಿದ್ದಿದೆ" ಎಂದರೆ ಸಾಲದು, "ಎಥೆನಾಲ್ ಟ್ಯಾಂಕರ್" ಎಂದೇ ಹೇಳಬೇಕು. ನೀರು ಬೆರೆತರೆ ಭಯವಿಲ್ಲ ಅನ್ನುವವರೂ ಇದ್ದಾರೆ. ಐದು ಪಾಲಿನಲ್ಲಿ ಒಂದು ಪಾಲು ಎಥೆನಾಲ್ ಉಳಿದಿದ್ದರೂ ನಮ್ಮ ಬೇಸಿಗೆಯ ಬಿಸಿಗೆ ಅದು ಹೊತ್ತಿಕೊಳ್ಳುತ್ತದೆ.

ಲೋಡ್ ಮಾಡುವಾಗ ಅರ್ತಿಂಗ್ ಕ್ಲಾಂಪ್ (ಟ್ಯಾಂಕರಿನ ವಿದ್ಯುತ್ತನ್ನು ನೆಲಕ್ಕೆ ಇಳಿಸುವ ತಂತಿಯ ಹಿಡಿಕೆ) ಮೊದಲು, ಮುಚ್ಚಳ ಆಮೇಲೆ. ಪೈಪಿನಲ್ಲಿ ದ್ರವ ಹರಿಯುವಾಗ ಹುಟ್ಟುವ ಸ್ಥಿರ ವಿದ್ಯುತ್ತಿನ ಕಿಡಿ ಕಣ್ಣಿಗೆ ಬೀಳದಿದ್ದರೂ ಕೆಲಸ ಮುಗಿಸಿಬಿಡುತ್ತದೆ. ಮತ್ತೆ ಅರ್ಧ ತುಂಬಿದ ಟ್ಯಾಂಕರ್ ಪೂರ್ತಿ ತುಂಬಿದ್ದಕ್ಕಿಂತ ಕಾಟ ಜಾಸ್ತಿ, ತಿರುವಿನಲ್ಲಿ ಒಳಗಿನ ದ್ರವ ಒಂದೇ ಕಡೆ ನುಗ್ಗಿ ಗಾಡಿಯನ್ನು ಎಳೆಯುತ್ತದೆ. ಚೋರ್ಲಾ ಘಾಟಿನಲ್ಲಿ ಇದನ್ನು ಕಲಿಯಲು ಹೋಗಬೇಡಿ.

ಈಗ ಮಾಡಬೇಕಾದದ್ದು: ಬೇರೆ ಒಳ್ಳೆಯ ಕೇಂದ್ರ ನೋಡಿ ಮತ್ತೊಮ್ಮೆ ಪೂರ್ತಿ ತರಬೇತಿಗೆ ಕುಳಿತುಕೊಳ್ಳಿ. ಮಾಲಕರು ಗೊಣಗಿದರೆ ಒಂದು ಮಾತು ನೆನಪಿಸಿ. ಸರಿಯಾದ ನಮೂದು ಇಲ್ಲದ ಚಾಲಕನ ಕೈಯಲ್ಲಿ ಅಪಘಾತವಾದರೆ, ವಿಮೆ ಕಂಪನಿ ಸಂತ್ರಸ್ತರಿಗೆ ದುಡ್ಡು ಕೊಟ್ಟು ಆಮೇಲೆ ಮಾಲಕರಿಂದಲೇ ವಸೂಲಿಗೆ ನಿಲ್ಲಬಹುದು. ಸರ್ಟಿಫಿಕೇಟೇ ಸುಳ್ಳು ಎಂದು ಕೋರ್ಟಿನಲ್ಲಿ ಹೊರಬಿದ್ದರೆ ಅವರ ಗತಿ ಏನು? ಈ ಮಾತು ಸುರಕ್ಷತೆಯ ಭಾಷಣಕ್ಕಿಂತ ಬೇಗ ತಲೆಗೆ ಹೋಗುತ್ತದೆ.

ಪ್ರಶ್ನೆ: ನಾನು ಓದಿದ್ದು ಕನ್ನಡ ಶಾಲೆ ನಾಲ್ಕನೇ ಇಯತ್ತೆ. ಕನ್ನಡ, ಮರಾಠಿ ಓದುತ್ತೇನೆ. ಇಂಗ್ಲಿಷ್ ಬರಲ್ಲ. ಕೆಮಿಕಲ್ ಗಾಡಿ ಓಡಿಸಬಹುದಾ?
— ಲಾರಿ ಚಾಲಕ, ಅಥಣಿ

ಉತ್ತರ: ಸಾಮಾನ್ಯ ಸರಕು ಗಾಡಿಗೆ ಎಂಟನೇ ತರಗತಿ ಪಾಸಾಗಿರಬೇಕು ಎಂಬ ನಿಯಮವನ್ನು 2019ರಲ್ಲಿ ತೆಗೆದುಹಾಕಿದರು. ಆದರೆ ಅಪಾಯಕಾರಿ ಸರಕಿಗೆ ಲೆಕ್ಕ ಬೇರೆ. ಒಂದು ಭಾರತೀಯ ಭಾಷೆಯ ಜೊತೆಗೆ ಇಂಗ್ಲಿಷ್ ಓದಲು ಬರೆಯಲು ಬರಬೇಕು ಅನ್ನುತ್ತದೆ 9ನೇ ನಿಯಮ.

ಹೆದರಬೇಡಿ ಅಣ್ಣಾ. ನಿಮಗೆ ಬೇಕಿರುವುದು ಗಾಡಿಗೆ ಸಂಬಂಧಿಸಿದ ಕೆಲವು ಪದ, ಕೆಲವು ಅಂಕಿ. ಮೊದಲು ಅಂಕಿಯಿಂದ ಶುರು ಮಾಡಿ. ಬೋರ್ಡಿನ ಮೇಲೆ ನಾಲ್ಕು ಅಂಕಿಯ ಯುಎನ್ ನಂಬರ್ ಇರುತ್ತದೆ, ಅದು ಇಡೀ ಜಗತ್ತಿಗೆ ಒಂದೇ. ಪೆಟ್ರೋಲ್ 1203, ಡೀಸೆಲ್ 1202, ಎಥೆನಾಲ್ 1170, ಎಲ್‌ಪಿಜಿ 1075, ಸಲ್ಫ್ಯೂರಿಕ್ ಆಸಿಡ್ 1830, ಕಾಸ್ಟಿಕ್ ಸೋಡಾ ದ್ರಾವಣ 1824, ಕುಡಿಯುವ ನೀರಿನ ಘಟಕಕ್ಕೆ ಹೋಗುವ ಕ್ಲೋರಿನ್ 1017. ನೀವು ಸಾಗಿಸುವ ನಾಲ್ಕೈದು ಸರಕಿನ ನಂಬರ್ ಬಾಯಿಪಾಠ ಮಾಡಿ. ಆಮೇಲೆ ವಜ್ರಾಕಾರದ ಚಿಹ್ನೆ. ಕೆಂಪು ಬಣ್ಣದ್ದು ಹೊತ್ತಿಕೊಳ್ಳುವ ಸರಕು. ಮೇಲೆ ಬಿಳಿ ಕೆಳಗೆ ಕಪ್ಪು, ಕೈಮೇಲೆ ಏನೋ ಸುರಿದ ಚಿತ್ರ ಇದ್ದರೆ ಸುಡುವ ಆಸಿಡ್, ಕಾಸ್ಟಿಕ್. ತಲೆಬುರುಡೆ ವಿಷ. ಹಳದಿಯ ಮೇಲೆ ಉರಿಯುವ ವೃತ್ತ ಇದ್ದರೆ, ಬೆಂಕಿಗೆ ಆಮ್ಲಜನಕ ಕೊಟ್ಟು ಹೆಚ್ಚಿಸುವ ವಸ್ತು. ನೀಲಿ ಇದ್ದರೆ ನೀರು ತಾಗಿಸಬಾರದು, ಕಾರ್ಬೈಡ್ ಇದೇ ಜಾತಿ.

ಅದೇ ಬೋರ್ಡಿನಲ್ಲಿ ಹಜ್‌ಕೆಮ್ ಕೋಡ್ ಇರುತ್ತದೆ, ಇದು ಅಗ್ನಿಶಾಮಕದವರಿಗೆ. ಮೊದಲ ಅಂಕಿ ಬೆಂಕಿಗೆ ಏನು ಹಾಕಬೇಕು ಅನ್ನುತ್ತದೆ: 1 ಮತ್ತು 2 ನೀರು, 3 ಫೋಮ್, 4 ಇದ್ದರೆ ಒಣ ಪುಡಿ. ಕೊನೆಗೆ ಇಂಗ್ಲಿಷಿನ ಇ ಅಕ್ಷರ ಕಂಡರೆ ಸುತ್ತಲಿನ ಜನರನ್ನು ಖಾಲಿ ಮಾಡಿಸುವ ಬಗ್ಗೆ ಯೋಚಿಸಬೇಕು ಅಂತ. ಆ ಒಂದು ಅಕ್ಷರವನ್ನಾದರೂ ಕಲಿತೇ ಗಾಡಿ ಹತ್ತಿ.

ಪ್ರಶ್ನೆ: ನನ್ನ ಯಜಮಾನರು ಆಸಿಡ್ ಟ್ಯಾಂಕರಿನಲ್ಲಿ ಕ್ಲೀನರ್. ಅಂಗಿ, ಪ್ಯಾಂಟ್ ತೂತು ಬಿದ್ದು ಬರುತ್ತಾರೆ. ಒಮ್ಮೆ ಮುಂಗೈ ಸುಟ್ಟುಕೊಂಡಿದ್ದರು. ತರಬೇತಿ ಡ್ರೈವರ್‌ಗೆ ಮಾತ್ರ, ಕ್ಲೀನರ್‌ಗೆ ಇಲ್ಲ ಅಂತಾರಂತೆ. ಇದು ಸರಿನಾ?
— ಗೃಹಿಣಿ, ಗೋಕಾಕ

ಉತ್ತರ: ಅಕ್ಕಾವ್ರೆ, ಬಂದ ಪತ್ರಗಳಲ್ಲಿ ಅತಿ ಮುಖ್ಯವಾದ ಪ್ರಶ್ನೆ ನಿಮ್ಮದೇ. ನಿಯಮದ ಅಕ್ಷರ ಹಿಡಿದರೆ ಅವರು ಹೇಳಿದ್ದು ನಿಜ. 9ನೇ ನಿಯಮ ಗಾಡಿ ಓಡಿಸುವವನ ಬಗ್ಗೆ ಮಾತ್ರ ಮಾತಾಡುತ್ತದೆ. ಆದರೆ ವಾಲ್ವ್ ತಿರುಗಿಸುವವನು ಯಾರು? ಪೈಪ್ ಜೋಡಿಸುವವನು, ಟ್ಯಾಂಕರ್ ಮೇಲೆ ಹತ್ತಿ ಮುಚ್ಚಳ ತೆಗೆದು ಬಗ್ಗಿ ನೋಡುವವನು? ಬಹಳ ಸಲ ಕ್ಲೀನರ್, ಇಲ್ಲವೇ ಹಮಾಲ. ಚಾಲಕ ಕ್ಯಾಬಿನ್‌ನಲ್ಲಿ ಇರುತ್ತಾನೆ ಅಥವಾ ಗೇಟಿನಲ್ಲಿ ಕಾಗದಕ್ಕೆ ಸಹಿ ಹಾಕಿಸುತ್ತಿರುತ್ತಾನೆ. ಸರಕಿಗೆ ಅತಿ ಹತ್ತಿರ ಇರುವವನನ್ನೇ ಬಿಟ್ಟು ತರಬೇತಿ ಕೊಟ್ಟರೆ ಅದು ಯಾವ ಸೀಮೆಯ ತರಬೇತಿ ಅಂತ ನನಗೂ ಅನ್ನಿಸುತ್ತದೆ.

ಅಮೆರಿಕದಲ್ಲಿ ಈ ವಿಷಯದಲ್ಲಿ ಕಾನೂನು ಸ್ಪಷ್ಟ. ಅಪಾಯಕಾರಿ ಸರಕನ್ನು ಪ್ಯಾಕ್ ಮಾಡುವವನು, ಲೋಡ್ ಮಾಡುವವನು, ಅದರ ಕಾಗದಪತ್ರ ಬರೆಯುವ ಗುಮಾಸ್ತ, ಓಡಿಸುವವನು ಎಲ್ಲರಿಗೂ ತರಬೇತಿ ಬೇಕೇ ಬೇಕು. ಹೊಸಬನಿಗೆ 90 ದಿನದೊಳಗೆ ಮುಗಿಸಬೇಕು, ಅಲ್ಲಿಯ ತನಕ ತರಬೇತಿ ಆದವನ ಕಣ್ಣಳತೆಯಲ್ಲೇ ಕೆಲಸ. ಮೂರು ವರ್ಷಕ್ಕೊಮ್ಮೆ ಮತ್ತೆ ತರಬೇತಿ. ಅಲ್ಲಿನದೆಲ್ಲ ಇಲ್ಲಿ ಬರಬೇಕು ಅಂತ ನಾನು ಹೇಳುತ್ತಿಲ್ಲ, ಆದರೆ ಈ ಒಂದು ವಿಚಾರ ನಮ್ಮ ಮಾಲಕರು ಕಾನೂನಿಗೆ ಕಾಯದೆ ನಾಳೆಯೇ ಶುರು ಮಾಡಬಹುದು. ಒಂದು ಮಧ್ಯಾಹ್ನದ ಕೆಲಸ.

ಇನ್ನು ನಮ್ಮ ನಿಯಮದಲ್ಲೂ ಹಿಡಿಯಲು ಜಾಗ ಇದೆ. ಸರಕು ಕಳಿಸುವ ಕಂಪನಿ ಅದರ ಅಪಾಯದ ಪೂರ್ತಿ ಮಾಹಿತಿಯನ್ನು ಸಾಗಣೆದಾರರಿಗೆ ಕೊಡಬೇಕು. ಚಾಲಕ ಆ ಮಾಹಿತಿಯನ್ನು ಬರಹದಲ್ಲಿ ಕ್ಯಾಬಿನ್‌ನಲ್ಲಿ ಇಟ್ಟಿರಬೇಕು. ಇದನ್ನೇ ಟ್ರೆಮ್ ಕಾರ್ಡ್ ಅನ್ನುವುದು. ನಿಮ್ಮ ಯಜಮಾನರಿಗೆ ಹೇಳಿ, ಮೊಬೈಲಿನಲ್ಲಿ ಅದರ ಫೋಟೊ ಹೊಡೆದುಕೊಂಡು ಬರಲಿ, ಮನೆಯಲ್ಲಿ ಓದಲು ಬರುವ ಮಕ್ಕಳಿದ್ದರೆ ಓದಿ ಹೇಳಲಿ.

ಕಾರ್ಡಿಗೆ ಕಾಯದೆ ಇವತ್ತೇ ತಿಳಿದುಕೊಳ್ಳಬೇಕಾದದ್ದನ್ನು ಇಲ್ಲೇ ಬರೆಯುತ್ತೇನೆ. ಆಸಿಡ್ ಮೈಮೇಲೆ ಬಿದ್ದರೆ ತಕ್ಷಣ ಬಟ್ಟೆ ಬಿಚ್ಚಬೇಕು. ನಾಚಿಕೆ ಆಮೇಲೆ. ಹರಿಯುವ ನೀರಿನಲ್ಲಿ ಕನಿಷ್ಠ 15–20 ನಿಮಿಷ ತೊಳೆಯಬೇಕು. ಒಂದು ಚೊಂಬು ನೀರು ಹಾಕಿ ಒರೆಸಿದರೆ ಆಗಲ್ಲ. ಸೋಡಾಪುಡಿ, ಸುಣ್ಣ, ಅರಿಶಿನ, ಟೂತ್‌ಪೇಸ್ಟ್ ಏನೂ ಬೇಡ. ಕಣ್ಣಿಗೆ ಸಿಡಿದರೆ ರೆಪ್ಪೆ ತೆರೆದು ಹಿಡಿದು ಅಷ್ಟೇ ಹೊತ್ತು ನೀರು ಬಿಟ್ಟು, ಆಮೇಲೆ ನೇರ ಆಸ್ಪತ್ರೆಗೆ. ಹಾಗಾಗಿ ಗಾಡಿಯಲ್ಲಿ ಕುಡಿಯುವ ನೀರಿನ ಬಾಟಲಿ ಲೆಕ್ಕಕ್ಕಿಲ್ಲ, ದೊಡ್ಡ ಕ್ಯಾನ್‌ಗಳಲ್ಲಿ ತೊಳೆಯುವ ನೀರು ಬೇರೆಯೇ ಇರಬೇಕು. ಲೋಡ್, ಅನ್‌ಲೋಡ್ ಜಾಗದಲ್ಲಿ ಶವರ್ ಎಲ್ಲಿದೆ ಅಂತ ನೋಡಿಕೊಂಡೇ ವಾಲ್ವ್ ಮುಟ್ಟಬೇಕು. ಬಟ್ಟೆಯ ಕೈಗವಸು ಆಸಿಡನ್ನು ಹೀರಿಕೊಂಡು ಚರ್ಮಕ್ಕೇ ಅಂಟಿಸುತ್ತದೆ. ಪಿವಿಸಿ ಅಥವಾ ನಿಯೋಪ್ರೀನ್ ಬೇಕು, ಮುಖಕ್ಕೆ ಪೂರ್ತಿ ಶೀಲ್ಡ್, ಪ್ಯಾಂಟ್ ಬೂಟಿನ ಹೊರಗೆ ಇಳಿಬಿದ್ದಿರಬೇಕು, ಒಳಗೆ ಸಿಕ್ಕಿಸಬಾರದು. ಸಿಕ್ಕಿಸಿದರೆ ಹರಿದ ಆಸಿಡ್ ಬೂಟಿನೊಳಗೇ ನಿಲ್ಲುತ್ತದೆ.

ಕಾಸ್ಟಿಕ್ ಗಾಡಿಗೆ ಹೋದರೆ ಇನ್ನೂ ಎಚ್ಚರ. ಆಸಿಡ್ ಬಿದ್ದ ಕೂಡಲೇ ಉರಿಯುತ್ತದೆ. ಕಾಸ್ಟಿಕ್ ಮೊದಮೊದಲು ಸೋಪಿನ ಹಾಗೆ ಜಾರುತ್ತದೆ ಅಷ್ಟೇ, ನೋವು ತಡವಾಗಿ ಬರುತ್ತದೆ, ಅಷ್ಟರಲ್ಲಿ ಒಳಗೆ ಇಳಿದಿರುತ್ತದೆ.

ಆ ಬಟ್ಟೆಗಳನ್ನು ಮಕ್ಕಳ ಬಟ್ಟೆ ಜೊತೆ ನೆನೆಹಾಕಬೇಡಿ. ಮುಂಗೈ ಸುಟ್ಟದ್ದಕ್ಕೆ ಆಸ್ಪತ್ರೆಯ ಚೀಟಿ ಇದ್ದರೆ ತೆಗೆದಿಡಿ, ಬಿಸಾಡಬೇಡಿ.

ಪ್ರಶ್ನೆ: ನಮ್ಮದು ವೆಲ್ಡಿಂಗ್ ಶಾಪ್. ಟ್ಯಾಂಕರ್ ಸೋರಿಕೆ ಇದ್ದರೆ ಖಾಲಿ ಮಾಡಿ ತರುತ್ತಾರೆ. ಖಾಲಿ ಇದ್ದ ಮೇಲೆ ಭಯ ಏನು?
— ವೆಲ್ಡರ್, ಜಮಖಂಡಿ

ಉತ್ತರ: ಖಾಲಿ ಅಂದಾಗಲೇ ಭಯ ಜಾಸ್ತಿ. ತುಂಬಿದ ಟ್ಯಾಂಕಿನಲ್ಲಿ ಆವಿಗೆ ಜಾಗ ಕಡಿಮೆ, ಖಾಲಿಯಲ್ಲಿ ಇಡೀ ಟ್ಯಾಂಕ್ ಆವಿ ಮತ್ತು ಗಾಳಿಯ ಮಿಶ್ರಣ. ಎಥೆನಾಲ್ ಆದರೆ ಗಾಳಿಯಲ್ಲಿ 3.3ರಿಂದ 19% ಆವಿ ಇದ್ದರೆ ಕಿಡಿ ಸಾಕು. ಪೆಟ್ರೋಲಿಯಂ ಟ್ಯಾಂಕರಿಗೆ ಬೆಂಕಿ ಕೆಲಸ ಮಾಡುವ ಮೊದಲು, ಒಳಗೆ ಗ್ಯಾಸ್ ಇಲ್ಲ ಎಂದು ಅರ್ಹ ವ್ಯಕ್ತಿ ಪರೀಕ್ಷಿಸಿ ಬರೆದುಕೊಟ್ಟ ಸರ್ಟಿಫಿಕೇಟ್ ಇರಲೇಬೇಕು. ಅದು ಇಲ್ಲದೆ ಬಂದ ಗಾಡಿಯನ್ನು ಹೊರಗಿನಿಂದಲೇ ವಾಪಸ್ ಕಳಿಸಿ. ಗಿರಾಕಿ ಹೋದರೆ ಹೋಗಲಿ.

ಆಸಿಡ್ ಟ್ಯಾಂಕರ್ ಹೊತ್ತಿಕೊಳ್ಳಲ್ಲ, ಅದಕ್ಕೇನು ಅನ್ನುವವರು ಕೇಳಿ. ಗಟ್ಟಿ ಸಲ್ಫ್ಯೂರಿಕ್ ಆಸಿಡ್ ಕಬ್ಬಿಣವನ್ನು ಅಷ್ಟಾಗಿ ತಿನ್ನುವುದಿಲ್ಲ. ತೊಳೆಯಲು ನೀರು ಹಾಕಿದಾಗ ಅದು ತೆಳುವಾಗುತ್ತದೆ, ಆಗ ಕಬ್ಬಿಣ ತಿನ್ನಲು ಶುರು ಮಾಡಿ ಹೈಡ್ರೋಜನ್ ಬಿಡುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ. ವೆಲ್ಡಿಂಗ್ ಕಿಡಿ ತಾಗಿದರೆ ಸ್ಫೋಟ.

ಇನ್ನು ಕಾಕಂಬಿ ಟ್ಯಾಂಕ್. ಸಕ್ಕರೆ ಸೀಮೆಯಲ್ಲಿ ಇದನ್ನು ಯಾರೂ ಅಪಾಯ ಅಂದುಕೊಳ್ಳುವುದಿಲ್ಲ. ತಳದಲ್ಲಿ ಉಳಿದ ಕಾಕಂಬಿ ನೀರು ಬೆರೆತು ಹುಳಿತರೆ ಇಂಗಾಲದ ಡೈಆಕ್ಸೈಡ್ ತುಂಬಿ ಆಮ್ಲಜನಕ ಇಳಿಯುತ್ತದೆ. ಮಾಮೂಲಿ ಗಾಳಿಯಲ್ಲಿ ಆಮ್ಲಜನಕ ಸುಮಾರು 21%, ಅದು 19.5ಕ್ಕಿಂತ ಕೆಳಗಿದ್ದರೆ ಒಳಗೆ ಇಳಿಯುವಂತಿಲ್ಲ. ಮೀಟರ್ ಇಳಿಬಿಟ್ಟು ನೋಡಬೇಕು, ದೀಪ ಹಿಡಿದು ನೋಡುವ ಹಳೇ ಪದ್ಧತಿ ಬೇಡವೇ ಬೇಡ. ಒಬ್ಬ ಒಳಗೆ ಬಿದ್ದರೆ ಎಳೆಯಲು ಇನ್ನೊಬ್ಬ ಹಾಗೇ ಇಳಿಯಬಾರದು. ಇಂಥ ಜಾಗಗಳಲ್ಲಿ ಬಹಳ ಸಲ ಕಾಪಾಡಲು ಹೋದವರೂ ಸಾಯುತ್ತಾರೆ. ಇಳಿಯುವವನ ಸೊಂಟಕ್ಕೆ ಮೊದಲೇ ಹಗ್ಗ, ಮೇಲೆ ಎಳೆಯಲು ಜನ.

ಪ್ರಶ್ನೆ: ನನ್ನದು ಸಣ್ಣ ಪಿಕಪ್. ವಿಜಯಪುರದಿಂದ ದ್ರಾಕ್ಷಿ ಬೆಳೆಗಾರರಿಗೆ ಗಂಧಕ, ಗೊಬ್ಬರ, ಔಷಧ ತರುತ್ತೇನೆ. ಬರುವಾಗ ಹಿಂಡಿ ಚೀಲ, ರೇಶನ್ ಇದ್ದರೆ ಅದನ್ನೂ ಹಾಕಿಕೊಳ್ಳುತ್ತೇನೆ. ಟ್ಯಾಂಕರಿನವರ ನಿಯಮ ನಮಗೇನೂ ಇಲ್ಲ ಅಲ್ವಾ?
— ಪಿಕಪ್ ಮಾಲಕ, ಇಂಡಿ

ಉತ್ತರ: ಗಾಡಿ ಸಣ್ಣದಾದರೆ ವಿಷವೂ ಸಣ್ಣದಾಗುತ್ತಾ? 1958ರಲ್ಲಿ ಕೇರಳದಲ್ಲಿ ನಡೆದದ್ದು ಕೇಳಿ. ಹಡಗಿನಲ್ಲಿ ಪ್ಯಾರಾಥಿಯಾನ್ ಎಂಬ ಕೀಟನಾಶಕದ ಜೊತೆಯಲ್ಲೇ ಆಹಾರದ ಸಾಮಾನು ಬಂದಿತ್ತು. ಔಷಧ ಸೋರಿ ಗೋಧಿ ಹಿಟ್ಟಿಗೆ ಇಳಿಯಿತು. ಅದನ್ನು ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. 1968ರ ಕೀಟನಾಶಕ ಕಾಯ್ದೆ ಬರಲು ಆ ದುರಂತವೇ ಕಾರಣ. ಅದರ ಕೆಳಗಿನ ನಿಯಮ ಸ್ಪಷ್ಟವಾಗಿ ಹೇಳುತ್ತದೆ: ಆಹಾರಕ್ಕೆ ಅಥವಾ ಪಶು ಆಹಾರಕ್ಕೆ ತಾಗುವ ಹಾಗೆ ಕೀಟನಾಶಕ ಸಾಗಿಸಬಾರದು. ಅದು ನಿಮ್ಮ ಪಿಕಪ್‌ಗೂ ಅನ್ವಯ. ಔಷಧದ ಟ್ರಿಪ್ಪಿನಲ್ಲಿ ಹಿಂಡಿ, ರೇಶನ್ ಬೇಡ. ಡಬ್ಬ ಸೋರಿದ್ದರೆ ಡಾಲಾ ತೊಳೆಯದೆ ಮುಂದಿನ ಸರಕು ಹಾಕಬೇಡಿ, ತೊಳೆದ ನೀರನ್ನು ಹಳ್ಳಕ್ಕೆ ಬಿಡಬೇಡಿ.

ಇನ್ನೊಂದು, ಇದನ್ನು ಹೆಚ್ಚಿನವರು ಗಮನಿಸಿರುವುದಿಲ್ಲ. ನೀವು 13-0-45 ಅಂತ ತರುತ್ತೀರಲ್ಲ, ಡ್ರಿಪ್‌ನಲ್ಲಿ ಬಿಡುವ ಗೊಬ್ಬರ, ಅದು ಪೊಟ್ಯಾಶಿಯಂ ನೈಟ್ರೇಟ್. ಹಳದಿ ಚಿಹ್ನೆಯ ಜಾತಿ. ಗಂಧಕ ಉರಿಯುವ ಪುಡಿ. ಇವೆರಡೂ ಸೇರಿದರೆ ಹಳೇ ಕಾಲದ ಕರಿಮದ್ದಿನ ಮೂರು ಸಾಮಾನಿನಲ್ಲಿ ಎರಡು ಬಂದ ಹಾಗಾಯಿತು, ಇದ್ದಿಲು ಒಂದು ಬಾಕಿ. ಚೀಲ ಗಟ್ಟಿ ಇದ್ದರೆ ಏನೂ ಆಗದೇ ಇರಬಹುದು. ಚೀಲ ಹರಿದು ಎರಡೂ ಪುಡಿ ಡಾಲಾದಲ್ಲಿ ಬೆರೆತು, ಹಿಂದೆ ಕುಳಿತ ಹಮಾಲ ಬೀಡಿ ಹಚ್ಚಿದರೆ? ಬೇರೆ ಬೇರೆ ಟ್ರಿಪ್ ಮಾಡಿ. ಡೀಸೆಲ್ ಖರ್ಚನ್ನು ಬಾಡಿಗೆಯಲ್ಲೇ ಸೇರಿಸಿ ಹೇಳಿ, ಬೆಳೆಗಾರರಿಗೆ ಅರ್ಥವಾಗುತ್ತದೆ.

ಪ್ರಶ್ನೆ: ಕೊರಿಯರ್ ಆಫೀಸಿನಲ್ಲಿ ಪಾರ್ಸೆಲ್ ತೆಗೆದುಕೊಳ್ಳುವ ಕೆಲಸ. ವಿಮಾನದಲ್ಲಿ ಹೋಗುವ ಪಾರ್ಸೆಲ್‌ಗೆ ಬೇರೆ ತರಬೇತಿ ಬೇಕು ಅಂತಾರೆ. ನಾನು ಸುಮ್ನೆ ಡಬ್ಬ ತೂಗುವವಳು, ನನಗ್ಯಾಕೆ?
— ಯುವತಿ, ಬೆಳಗಾವಿ

ಉತ್ತರ: ಯಾಕೆಂದರೆ ಆ ಡಬ್ಬವನ್ನು ಮೊದಲು ನೋಡುವವರು ನೀವು. ಪವರ್ ಬ್ಯಾಂಕ್, ಸೆಂಟು, ಹೇರ್ ಸ್ಪ್ರೇ, ಪೇಂಟು ಇವೆಲ್ಲ ವಿಮಾನಕ್ಕೆ ಅಪಾಯಕಾರಿ ಸರಕೇ. ಕಳಿಸುವವರು ಚೀಟಿಯಲ್ಲಿ ಗಿಫ್ಟ್ ಅಂತ ಬರೆದಿರುತ್ತಾರೆ. ವಿಮಾನ ಸರಕಿನ ನಿಯಮದಲ್ಲಿ ಈ ತರಬೇತಿ 24 ತಿಂಗಳಿಗೊಮ್ಮೆ ಆಗಬೇಕು. ಕಂಪನಿ ಕೊಡುತ್ತದೆ ಎಂದರೆ ಬೇಡ ಅನ್ನಬೇಡಿ, ಮುಂದೆ ಕೆಲಸಕ್ಕೂ ಆಗುತ್ತದೆ.

ಪ್ರಶ್ನೆ: ನಮ್ಮೂರು ಹೆದ್ದಾರಿ ಪಕ್ಕ. ಟ್ಯಾಂಕರ್ ಉರುಳಿದರೆ ಸಾಕು, ಕೊಡ, ಬಕೆಟ್ ಹಿಡಿದು ಓಡುತ್ತಾರೆ. ಬೇಡ ಅಂದರೆ ಬೈಯುತ್ತಾರೆ. ಏನು ಹೇಳಬೇಕು?
— ಶಿಕ್ಷಕ, ಸಂಕೇಶ್ವರ

ಉತ್ತರ: ಸರ್, 2017ರ ಜೂನ್‌ನಲ್ಲಿ ಪಾಕಿಸ್ತಾನದ ಬಹಾವಲ್ಪುರ ಹತ್ತಿರ ಹೀಗೇ ಆಯಿತು. ಪೆಟ್ರೋಲ್ ಟ್ಯಾಂಕರ್ ಉರುಳಿತು, ಊರಿಗೆ ಊರೇ ಪಾತ್ರೆ ಹಿಡಿದು ಓಡಿತು, ಬೆಂಕಿ ಹೊತ್ತಿತು. ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಇದನ್ನು ಮಕ್ಕಳಿಗೆ ಹೇಳಿ, ಅವರು ಮನೆಯಲ್ಲಿ ಹೇಳುತ್ತಾರೆ. ಎಥೆನಾಲ್ ಆದರೆ ಕುಡಿಯಲು ತುಂಬಿಕೊಳ್ಳುವ ಭೂಪರೂ ಇರುತ್ತಾರೆ. ಅದು ಇಂಧನ, ಕುಡಿಯಲು ಮಾಡಿದ್ದಲ್ಲ ಅಂತ ಗದರಿಸಿ ಹೇಳಿ.

ದೂರ ಅಂದರೆ ಎಷ್ಟು ದೂರ ಅಂತ ಕೇಳುತ್ತಾರೆ. ಅಮೆರಿಕದ ಅಗ್ನಿಶಾಮಕದವರು ಇಟ್ಟುಕೊಳ್ಳುವ ಕೈಪಿಡಿಯ ಪ್ರಕಾರ ಎಥೆನಾಲ್ ಟ್ಯಾಂಕರಿಗೆ ಬೆಂಕಿ ತಗುಲಿದ್ದರೆ ಸುತ್ತ 800 ಮೀಟರ್, ಎಲ್‌ಪಿಜಿ ಆದರೆ 1,600 ಮೀಟರ್ ಖಾಲಿ ಮಾಡಿಸಬೇಕು. ಮೊಬೈಲ್ ಹಿಡಿದು ವಿಡಿಯೊ ಮಾಡುವವರು ನಿಲ್ಲುವ ಜಾಗ ಎಲ್ಲಿರುತ್ತದೆ ಅಂತ ನಿಮಗೆ ಗೊತ್ತೇ ಇದೆ! 2012ರ ಆಗಸ್ಟ್‌ನಲ್ಲಿ ಕಣ್ಣೂರಿನ ಚಾಲಾದಲ್ಲಿ ಎಲ್‌ಪಿಜಿ ಟ್ಯಾಂಕರ್ ಉರುಳಿ ಸ್ಫೋಟಿಸಿದಾಗ ಹೆದ್ದಾರಿ ಪಕ್ಕದ ಮನೆಗಳವರೇ ಸುಟ್ಟುಹೋದರು.

ಊರಿನ ನಾಲ್ಕು ಹುಡುಗರಿಗೆ ಇಷ್ಟು ಕಲಿಸಿಡಿ. ಗಾಳಿ ಬೆನ್ನಿಗೆ ಬಡಿಯುವ ಕಡೆ ನಿಲ್ಲಬೇಕು, ತಗ್ಗಿನಲ್ಲಿ ನಿಲ್ಲಬಾರದು. ಎರಡೂ ಕಡೆಯ ಗಾಡಿಗಳನ್ನು ದೂರದಲ್ಲೇ ನಿಲ್ಲಿಸಿ ಎಂಜಿನ್ ಆರಿಸಬೇಕು, ಸಿಗರೇಟ್ ಬೇಡ, ಹತ್ತಿರದ ಮನೆಗಳ ಒಲೆ ಆರಿಸಬೇಕು. ಬೋರ್ಡಿನ ನಾಲ್ಕಂಕಿಯ ನಂಬರನ್ನು ದೂರದಿಂದಲೇ ಓದಿ ಅಥವಾ ಫೋನಿನ ಕ್ಯಾಮೆರಾದಲ್ಲಿ ಹಿಗ್ಗಿಸಿ ನೋಡಿ 112ಕ್ಕೆ ಹೇಳಬೇಕು. ಸರಕು ಕಳಿಸಿದವರ ತುರ್ತು ಫೋನ್ ನಂಬರೂ ಅದೇ ಬೋರ್ಡಿನಲ್ಲಿರುತ್ತದೆ. ಚಾಲಕನಿಗೆ ಎಚ್ಚರ ಇದ್ದರೆ ಅವನನ್ನು ಹೊಡೆಯಲು ಹೋಗಬೇಡಿ ಅಂತಲೂ ಹೇಳಿ. ಒಳಗೆ ಏನಿದೆ ಅಂತ ಆ ಹೊತ್ತಿಗೆ ಅಲ್ಲಿ ಗೊತ್ತಿರುವವನು ಅವನೊಬ್ಬನೇ.